ಉಮಾಮಹೇಶ್ವರನ ಪರ್ಸು ತ್ಯಾಗ

“ಇವತ್ತಿಂದ ಈ ಮನೇಲಿ ಪರ್ಸು ಅನ್ನೋ ಪದಾರ್ಥ ಯಾರ ಜೇಬಲ್ಲೂ ಕಾಣಬಾರದು!”

ಭದ್ರಾವತಿಯ ತನ್ನ ಮನೆಯ ಹಾಲಿನಲ್ಲಿ ನಿಂತು ಉಮಾಮಹೇಶ್ವರ ಹೀಗೆಂದು ಘೋಷಿಸಿದಾಗ ಅವನ ಮುಖದಲ್ಲಿ ಸನ್ಯಾಸ ಸ್ವೀಕರಿಸುವವನ ಗಾಂಭೀರ್ಯವಿತ್ತು. ಆ ಚಾರಿತ್ರಿಕ ಘೋಷಣೆಗೆ ಸಾಕ್ಷಿಯಾದವರು ಇಬ್ಬರೇ. ಹೆಂಡತಿ ಸಂಧ್ಯಾ ಅವರೆಕಾಳು ಹಿಸುಕುತ್ತಾ ಕೂತಿದ್ದಳು. ಮದುವೆ ಗೊತ್ತಾಗಿದ್ದ ಮಗಳು ಅಮೂಲ್ಯ ಫ್ಯಾನಿನ ಕೆಳಗೆ ಕೂದಲು ಒಣಗಿಸಿಕೊಳ್ಳುತ್ತಿದ್ದಳು.

“ಈ ಮನೇಲಿ ಪರ್ಸು ಇಟ್ಕೊಳ್ಳೋದು ನೀವೊಬ್ರೇ ಅಲ್ವೇನ್ರೀ?” ಎಂದಳು ಸಂಧ್ಯಾ.

“ಅದಕ್ಕೇ ಹೇಳಿದ್ದು! ನಾನೇ ತ್ಯಾಗ ಮಾಡ್ತಿದೀನಿ.”

“ಒಳಗೆ ಏನೇನಿದೆ ಅಂತ ಒಂದ್ಸಲ ನೋಡ್ಕೊಂಡ್ರಾ?”

“ಕಾರ್ಡಿದೆ, ಹಳೇ ಬಸ್ ಟಿಕೆಟ್ ಇದೆ. ಇನ್ನೇನಿರತ್ತೆ ಮಾರಾಯ್ತಿ? ಎಲ್ಲಾ ಈಗ ಇದರೊಳಗೆ!” ಎಂದು ಹೊಸ ಫೋನನ್ನು ಎತ್ತಿ ತೋರಿಸಿ, ಸ್ಟೂಲು ಹತ್ತಿ ಪರ್ಸನ್ನು ಅಟ್ಟದ ಮೇಲೆ ಹಂಡೆಯ ಪಕ್ಕಕ್ಕೆ ಇಟ್ಟೇಬಿಟ್ಟ. ಸಂಧ್ಯಾ ಅಟ್ಟದ ಕಡೆ ಒಮ್ಮೆ ನೋಡಿ ಅವರೆಕಾಳಿನತ್ತ ತಿರುಗಿಕೊಂಡಳು.

ಈ ವೈರಾಗ್ಯಕ್ಕೆ ಕಾರಣರಾದವರು ಭಾವೀ ಬೀಗರಾದ ಧರ್ಮಪ್ಪನವರು. ಶಿವಮೊಗ್ಗದ ರವೀಂದ್ರನಗರದವರು, ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಅವರ ಮಗ ನಾಗೇಶನಿಗೂ ಅಮೂಲ್ಯಳಿಗೂ ಸಂಬಂಧ ಒಪ್ಪಿಗೆಯಾದ ದಿನ ಎರಡೂ ಮನೆಯವರು ಶಿವಮೊಗ್ಗದಲ್ಲೇ ಒಂದು ಹೋಟೆಲಿಗೆ ಊಟಕ್ಕೆ ಹೋಗಿದ್ದರು. ಊಟವಾಯಿತು, ಬಿಲ್ಲು ಬಂತು. ಹೋಟೆಲಿನ ಬಿಲ್ಲಿಗೆ ಜಗಳವಾಡುವುದರಲ್ಲಿ ಉಮಾಮಹೇಶ್ವರನದು ಪಳಗಿದ ಕೈ. ಎದುರಿನವರ ಮಣಿಕಟ್ಟು ಅದುಮಿ ಹಿಡಿದು, “ಉಂಟೇ! ನಾನಿರುವಾಗ ನೀವು ಕೊಡೋದೇ!” ಎಂದು ಗದರಿಸಿ, ಇನ್ನೊಂದು ಕೈಯಲ್ಲಿ ಪರ್ಸು ತೆಗೆದು ಗೆದ್ದು ಬರುತ್ತಿದ್ದ ವೀರ ಅವನು. ಅವತ್ತೂ ಒಂದು ಪಕ್ಕಕ್ಕೆ ವಾಲಿ ಹಿಂದಿನ ಜೇಬಿಗೆ ಕೈ ಹಾಕಿದ್ದ. ಪರ್ಸು ಹೊರಗೆ ಬರುವಷ್ಟರಲ್ಲಿ ಎದುರಿನಿಂದ ‘ಟಿಣ್’ ಎಂದಿತು. ಧರ್ಮಪ್ಪನವರು ವೇಟರ್ ತಂದ ಮಿಷನ್ನಿನ ಹತ್ತಿರ ಫೋನು ಹಿಡಿದಿದ್ದರು, ಅಷ್ಟೆ.

“ಮುಟ್ಟಿಸೋದೂ ಬೇಡ ಬೀಗರೆ. ಹತ್ರ ಹಿಡಿದ್ರೆ ಸಾಕು, ಆಯ್ತು” ಎಂದು ನಕ್ಕರು.

ಹೆಣ್ಣಿನ ತಂದೆ ಒಂದು ಪಕ್ಕಕ್ಕೆ ವಾಲಿಕೊಂಡೇ ಸೋತುಹೋಗಿದ್ದ! ಬಸ್ಸಿನಲ್ಲಿ ಭದ್ರಾವತಿಗೆ ಬರುವಾಗ ಅವನಿಗೆ ಆ ‘ಟಿಣ್’ ಎದೆಯೊಳಗೆ ಚುಚ್ಚುತ್ತಲೇ ಇತ್ತು.

ಮನೆಗೆ ಬಂದವನೇ ತನ್ನ ಫೋನನ್ನು ಮಗಳ ಮುಂದೆ ಹಿಡಿದು, “ಇದ್ರಲ್ಲೂ ಹಾಗೆ ಟಿಣ್ ಅನ್ನಿಸು” ಎಂದ.

“ಅಪ್ಪಾ, ನಿನ್ನ ಫೋನಲ್ಲಿ ಎನ್‌ಎಫ್‌ಸಿ ಇಲ್ಲ. ಅದಿದ್ರೇನೇ ಆಗೋದು. ಇದನ್ನ ಮಿಷನ್ನಿಗೆ ಇಟ್ಟು ಹೊಲಿದ್ರೂ ದುಡ್ಡು ಹೋಗಲ್ಲ.”

ಮಾರನೆಯ ವಾರವೇ ಹೊಸ ಫೋನು ಬಂತು. ಅಂಗಡಿಯಲ್ಲಿ ಎಲ್ಲರೂ ಕ್ಯಾಮೆರಾ ನೋಡಿದರೆ ಇವನು, “ಎನ್‌ಎಫ್‌ಸಿ ಇದೆಯೇನ್ರೀ? ಖಂಡಿತ ಇದೆಯಾ?” ಎಂದು ಕೇಳಿ ಕೇಳಿ ಅವರ ತಲೆ ತಿಂದ. ಮಗಳು ಕಾರ್ಡಿನ ವಿವರ ಅದಕ್ಕೆ ಸೇರಿಸಿಕೊಟ್ಟ ಮೇಲೆ, ಫೋನಿನ ಕವರನ್ನು ಅದೇ ಅಂಗಡಿಯಲ್ಲಿ ಟಿಣ್ ಎನ್ನಿಸಿಯೇ ಕೊಂಡ. ಅವಳು ಸ್ಕ್ಯಾನ್ ಮಾಡುವ ಆ್ಯಪನ್ನೂ ಹಾಕಿಕೊಡಲು ಹೋದಾಗ ಮಾತ್ರ ಕೈ ಅಡ್ಡ ಹಿಡಿದ.

“ಬೇಡ! ಅದು ಸೊಪ್ಪಿನ ಗಾಡಿ ಮುಂದೆ ಮಾಡೋ ವಿದ್ಯೆ. ನಮ್ಮ ಬೀಗರು ಸ್ಕ್ಯಾನ್ ಮಾಡಿದ್ರಾ? ಇಲ್ಲ ತಾನೇ?”

ಹೀಗೆ ಸರ್ವಸನ್ನದ್ಧನಾಗಿ ಅವನು ಕಾಯುತ್ತಿದ್ದದ್ದು ಜವಳಿ ತೆಗೆಯುವ ದಿನಕ್ಕೆ.

ಅವರ ಮನೆತನಗಳಲ್ಲಿ ಜವಳಿಗೆ ಒಂದು ಕ್ರಮವಿದೆ. ಎರಡೂ ಕಡೆಯವರು ಒಟ್ಟಿಗೇ ಅಂಗಡಿಗೆ ಹೋಗಬೇಕು. ಮೊದಲು ತೆಗೆಯುವುದು ಮದುಮಗನ ಪಂಚೆ, ಶಲ್ಯ. ಅದಕ್ಕೆ ಹೆಣ್ಣಿನ ತಂದೆಯೇ ಕೈಯಾರೆ ದುಡ್ಡು ಕೊಡಬೇಕು. ಅದಾದ ಮೇಲೆಯೇ ಸೀರೆಗಳ ಗಂಟು ಬಿಚ್ಚುವುದು. ಪಂಚೆಯ ದುಡ್ಡನ್ನು ಗಂಡಿನವರೇ ಕೊಟ್ಟರೆ, ಹೆಣ್ಣಿನ ಮನೆಯವರಿಗೆ ಒಂದು ಪಂಚೆ ಕೊಡುವ ಯೋಗ್ಯತೆ ಇರಲಿಲ್ಲ ಎಂಬ ಮಾತು ಮೊಮ್ಮಕ್ಕಳ ಕಾಲದವರೆಗೂ ಉಳಿಯುತ್ತದೆ. ಹಾಗಾಗಿ ಜವಳಿಗೆ ಹೊರಡುವ ಬೆಳಿಗ್ಗೆ ದುಡ್ಡಿನ ಪರ್ಸನ್ನು ದೇವರ ಮುಂದೆ ಇಟ್ಟು, ಅರಿಶಿನ ಕುಂಕುಮ ಹಚ್ಚಿ ತೆಗೆದುಕೊಳ್ಳುವುದು ರೂಢಿ. ಈ ಸಲ ಪರ್ಸಿಲ್ಲವಲ್ಲ! ಸಂಧ್ಯಾ ಫೋನನ್ನೇ ತಟ್ಟೆಯಲ್ಲಿಟ್ಟು ಪೂಜೆ ಮಾಡಿದಳು. ನೆತ್ತಿಗೆ ಕುಂಕುಮವಿಟ್ಟುಕೊಂಡ ಫೋನನ್ನು ಉಮಾಮಹೇಶ್ವರ ಕಣ್ಣಿಗೊತ್ತಿಕೊಂಡು ಜೇಬಿಗಿಳಿಸಿದ.

ಶಿವಮೊಗ್ಗದ ಗಾಂಧಿ ಬಜಾರಿನ ಜವಳಿ ಅಂಗಡಿ. ಬಿಳಿ ಹಾಸಿನ ಮೇಲೆ ಎರಡೂ ಮನೆಯ ಹೆಂಗಸರು ಸಾಲಾಗಿ ಕೂತಿದ್ದರು. ಪಂಚೆ, ಶಲ್ಯ ಆರಿಸಿದ್ದಾಯಿತು. “ರಾಹುಕಾಲ ಬರೋದ್ರೊಳಗೆ ಮೊದಲನೇದು ಮುಗಿಸಿಬಿಡಿ” ಎಂದರು ಧರ್ಮಪ್ಪನವರ ಹೆಂಡತಿ. ಉಮಾಮಹೇಶ್ವರ ಎದ್ದು ನಿಂತ. ಜುಬ್ಬಾ ಸರಿಮಾಡಿಕೊಂಡ. ಬೀಗರು ನೋಡುತ್ತಿದ್ದಾರೆಂದು ಖಾತ್ರಿ ಮಾಡಿಕೊಂಡು, ಫೋನು ತೆರೆದು ಮಿಷನ್ನಿನ ಮೇಲೆ ಹಿಡಿದ.

ಟಿಣ್ ಇಲ್ಲ.

“ಸ್ವಲ್ಪ ಹತ್ರ ಹಿಡೀರಿ ಸಾರ್” ಎಂದ ಕೌಂಟರಿನವನು.

ಹತ್ತಿರ ಹಿಡಿದ. ಎಡಕ್ಕೆ ಹಿಡಿದ, ಬಲಕ್ಕೆ ಹಿಡಿದ. ತಲೆಕೆಳಗೆ ಹಿಡಿದ. ಮಗುವಿನ ಬೆನ್ನು ತಟ್ಟುವಂತೆ ಮಿಷನ್ನನ್ನು ಫೋನಿನಿಂದ ಮೆಲ್ಲಗೆ ತಟ್ಟಿದ. ಆಮೇಲೆ ಅಷ್ಟೊಂದು ಮೆಲ್ಲಗೂ ತಟ್ಟಲಿಲ್ಲ. ಮುಟ್ಟದೆಯೇ ದುಡ್ಡು ಕೊಡುವ ವಿದ್ಯೆ ಈಗ ಅಪ್ಪಟ ಕುಸ್ತಿಯಾಗಿತ್ತು!

“ನಿಮ್ಮ ಮಿಷನ್ನೇ ಸರಿ ಇಲ್ಲ!”

ಕೌಂಟರಿನವನು ಪಕ್ಕದ ಗಿರಾಕಿಯನ್ನು ಕರೆದ. ಆಕೆಯ ಫೋನು ಬಂತು, ಟಿಣ್ ಎಂದಿತು, ಹೋಯಿತು.

“ಅಪ್ಪಾ, ನಾನು ಕೊಟ್ಬಿಡ್ಲಾ?” ಎಂದು ಅಮೂಲ್ಯ ಕಿವಿಯ ಹತ್ತಿರ ಬಂದಳು.

“ಮದುಮಗಳೇ ದುಡ್ಡು ಕೊಟ್ಟು ಗಂಡಿಗೆ ಪಂಚೆ ತರೋದಾ? ಸುಮ್ನೆ ಕೂತ್ಕೊ.” ಸ್ಕ್ಯಾನ್ ಮಾಡೋಣವೆಂದರೆ ಆ್ಯಪು ಬೇಡವೆಂದವನು ತಾನೇ. ಕಾರ್ಡು ಅಟ್ಟದ ಮೇಲೆ ಹಂಡೆಯ ಪಕ್ಕ ತಣ್ಣಗೆ ಮಲಗಿತ್ತು. ಸಂಧ್ಯಾಳ ಕೈಯಲ್ಲಿರುವುದು ಗುಂಡಿ ಒತ್ತುವ ಫೋನು.

ಹಾಸಿನ ಮೇಲಿದ್ದ ಹೆಂಗಸರು ಸೀರೆ ಗಂಟುಗಳನ್ನೇ ನೋಡುತ್ತಾ ಕೂತರು. ಆಗ ಧರ್ಮಪ್ಪನವರು ಮೃದುವಾಗಿ ಕೆಮ್ಮಿ ತಮ್ಮ ಫೋನು ಹೊರಗೆ ತೆಗೆದರು. “ಬಿಡಿ ಬೀಗರೆ. ಯಾರು ಕೊಟ್ರೇನು, ಎರಡೂ ಒಂದೇ ಮನೆ ಈಗ.”

ಒಳ್ಳೆಯ ಮನಸ್ಸಿನಿಂದಲೇ ಅವರು ಅದನ್ನು ಹೇಳಿದ್ದು. ಅದೇ ಉಮಾಮಹೇಶ್ವರನಿಗೆ ತಡೆಯಲಾಗಲಿಲ್ಲ. ಇಪ್ಪತ್ತೈದು ವರ್ಷ ಸಾಕಿದ ಮಗಳಿಗೆ ತಾನು ಮಾಡಬೇಕಾದ ಮೊದಲ ಶಾಸ್ತ್ರವನ್ನೇ ಮಾಡಲಾಗದೆ ನಿಂತಿದ್ದೇನಲ್ಲ ಎಂದು ನಿಜವಾಗಿಯೂ ಅಳು ಬಂತು. ಅಳುವ ಬದಲು ಕೂಗಾಡಿದ.

“ದರಿದ್ರದ್ದು! ಇದನ್ನ ಈಗಲೇ ತುಂಗಾ ಹೊಳೆಗೆ ಹಾಕ್ತೀನಿ!”

“ಹಾಕೋದಾದ್ರೆ ಹಾಕಿ” ಎಂದು ಎದ್ದುಬಂದಳು ಸಂಧ್ಯಾ. “ಅದಕ್ಕೂ ಮೊದ್ಲು ನಮ್ಮತ್ತೆ ಲಕ್ಷ್ಮೀನ ಈ ಕಡೆ ಕೊಡಿ.”

“ಯಾವ ಲಕ್ಷ್ಮಿ?”

ಅವಳು ಅವನ ಕೈಯಿಂದ ಫೋನು ಕಿತ್ತುಕೊಂಡು ಅದರ ಕವರನ್ನು ಸುಲಿದಳು. ಒಳಗಿನಿಂದ ತೆಳ್ಳಗಿನ ಬೆಳ್ಳಿ ತಗಡೊಂದು ಹೊರಬಂತು, ಅದರ ಮೇಲೆ ಕೂತ ಲಕ್ಷ್ಮಿಯ ಗೀರುಚಿತ್ರ. ಅದನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಳ್ಳಬೇಕಲ್ಲ, ಸಂಧ್ಯಾ ಬರಿಮೈ ಫೋನನ್ನು ಕೈಗೆ ಸಿಕ್ಕ ಜಾಗದಲ್ಲಿ ಇಟ್ಟಳು. ಸಿಕ್ಕಿದ ಜಾಗ ಆ ಮಿಷನ್ನು.

ಟಿಣ್!

ಮಿಷನ್ನು ಚೀಟಿಯನ್ನು ನಾಲಿಗೆಯಂತೆ ಹೊರಗೆ ಚಾಚಿತು. “ಬೆಳ್ಳಿ ತಗಡು ಅಡ್ಡ ಇದ್ರೆ ಹೇಗಪ್ಪಾ ಟಿಣ್ ಅನ್ನತ್ತೆ!” ಎಂದಳು ಅಮೂಲ್ಯ. ಕೌಂಟರಿನವನು ಪಂಚೆ, ಶಲ್ಯವನ್ನು ಎರಡೂ ಕೈಯಲ್ಲಿ ಉಮಾಮಹೇಶ್ವರನಿಗೆ ಕೊಟ್ಟ. ಅವನು ಅದನ್ನು ಹಿಡಿದುಕೊಂಡು ತಗಡನ್ನೇ ನೋಡುತ್ತಾ ನಿಂತ. ಅವನಿಗೆ ಕೆಲಸ ಸಿಕ್ಕ ದಿನ ಅವನ ಅವ್ವ ಲಿಂಗಮ್ಮ ತಾನೇ ಮಾಡಿಸಿ ಪರ್ಸಿನೊಳಗಿಟ್ಟಿದ್ದ ತಗಡು ಅದು. ಅವ್ವ ತೀರಿಕೊಂಡ ಮೇಲೂ ಅದು ಅವನ ಜೇಬಿನಲ್ಲೇ ಇತ್ತು. ಮೊನ್ನೆ ಸ್ಟೂಲು ಹತ್ತಿ ಪರ್ಸನ್ನು ಅಟ್ಟಕ್ಕೆ ಇಟ್ಟಾಗ ಅವನಿಗೆ ನೆನಪೇ ಆಗಿರಲಿಲ್ಲ.

“ಅಟ್ಟದ ಮೇಲೆ ಧೂಳಲ್ಲಿ ಬಿದ್ದಿರ್ಬೇಕಾ ಅವರ ಲಕ್ಷ್ಮಿ?” ಎಂದಳು ಸಂಧ್ಯಾ ಮೆಲ್ಲಗೆ. “ಇವತ್ತು ಬೆಳಿಗ್ಗೆ ಪೂಜೆಗಿಟ್ಟಾಗ ತಂದು ಕವರೊಳಗೆ ಸೇರಿಸ್ದೆ. ಇದಿದ್ರೆ ಕೈಯಲ್ಲಿರೋ ದುಡ್ಡು ಸುಲಭಕ್ಕೆ ಹೋಗಲ್ಲ ಅಂತಿದ್ರಲ್ಲ ಅತ್ತೆ.”

“ಹೋಗಲಿಲ್ಲ ಮಾರಾಯ್ತಿ” ಎಂದ ಉಮಾಮಹೇಶ್ವರ. ಕಣ್ಣು ತೇವವಾಗಿತ್ತು, ನಗುವೂ ಬರುತ್ತಿತ್ತು. “ನಾನು ಎಷ್ಟು ಬಡಿದ್ರೂ ಹೋಗಲಿಲ್ಲ.”

ಧರ್ಮಪ್ಪನವರು ಹತ್ತಿರ ಬಂದು ತಗಡನ್ನು ಕನ್ನಡಕದೊಳಗಿಂದ ಬಹಳ ಹೊತ್ತು ಪರೀಕ್ಷಿಸಿದರು. ಹೆಂಡತಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. “ಸಂಧ್ಯಮ್ಮ, ಇದನ್ನ ಎಲ್ಲಿ ಮಾಡಿಸಿದ್ದು? ನಮ್ಮನೇಲಿ ದಿನಾ ಬೆಳಗಿಂದ ಸಂಜೆವರೆಗೂ ಟಿಣ್ ಟಿಣ್ ಅಂತಾನೇ ಇರತ್ತೆ. ಎರಡು ಬೇಕಿತ್ತು.”

ಸೀರೆ ಗಂಟುಗಳು ಬಿಚ್ಚಿಕೊಂಡವು. ರಾಹುಕಾಲ ಬಂದದ್ದೂ ಹೋದದ್ದೂ ಯಾರಿಗೂ ಗೊತ್ತಾಗಲಿಲ್ಲ.

ಸಂಜೆ ಮನೆಗೆ ಬಂದವನೇ ಉಮಾಮಹೇಶ್ವರ ಯಾರಿಗೂ ಹೇಳದೆ ಸ್ಟೂಲು ತಂದು ಅಟ್ಟದ ಕೆಳಗಿಟ್ಟ. ಅವ್ವನ ಲಕ್ಷ್ಮಿಗೆ ಅವಳ ಹಳೆಯ ಮನೆಯೇ ಸರಿ ಎಂದು ಅವನಿಗೆ ತೀರ್ಮಾನವಾಗಿತ್ತು. ಹತ್ತಿ, ತುದಿಗಾಲಲ್ಲಿ ನಿಂತು, ಹಂಡೆಯ ಪಕ್ಕಕ್ಕೆ ಕೈ ಚಾಚಿದ. ಪರ್ಸು ಬೆರಳಿಗೆ ಎಟುಕುತ್ತಿಲ್ಲ. ಸ್ಟೂಲು ಅಲುಗಿತು. ಯಾರೋ ಕೆಳಗಿನಿಂದ ಅದನ್ನು ಗಟ್ಟಿಯಾಗಿ ಹಿಡಿದುಕೊಂಡರು.

“ಯಾಕ್ರೀ ಅಷ್ಟು ಕಷ್ಟ ಪಡ್ತೀರಿ?” ಎಂದಳು ಸಂಧ್ಯಾ. “ಮುಟ್ಟೋದೇನೂ ಬೇಡ. ಹತ್ರ ಕೈ ಹಿಡೀರಿ ಸಾಕು, ಅದೇ ಬರತ್ತೆ!”