ಬೈಸಿಕಲ್ಲಿಗೆ ಮೋಟಾರು ದೀಪ

ಕೆಲವರು ಬಂದರೆ ಊರು ಎದ್ದು ನಿಲ್ಲುತ್ತದೆ, ಕೆಲವರು ಬಂದರೆ ಊರು ಎದ್ದು ಓಡುತ್ತದೆ. ಅಮಲ್ದಾರರು ಮೊದಲನೆಯ ವರ್ಗದವರು. ನಾನು ಎರಡನೆಯ ವರ್ಗದವನು. ಮಹಾರಾಜರ ಸರ್ಕಾರ ನನ್ನನ್ನು ಕಡೂರು, ಅಜ್ಜಂಪುರದ ಸುತ್ತಿನ ಹಳ್ಳಿಗಳಲ್ಲಿ ದೇವಿ ಹಾಕುವುದಕ್ಕೆ ನೇಮಿಸಿತ್ತು. ಅಂದರೆ ಸಿಡುಬು ಬಾರದ ಹಾಗೆ ಎಳೆಯ ಮಕ್ಕಳ ತೋಳನ್ನು ಸಣ್ಣ ಚಾಕುವಿನಿಂದ ಗೀರಿ ಲಸಿಕೆ ಹಚ್ಚುವ ಕೆಲಸ. ಇದು ಪುಣ್ಯದ ಕೆಲಸ ಎಂದು ನೇಮಕದ ದಿನ ನಮ್ಮ ಇನ್‌ಸ್ಪೆಕ್ಟರ್ ಸಾಹೇಬರು ಹೇಳಿದರು. ಪುಣ್ಯ ಕಟ್ಟಿಕೊಳ್ಳುವುದಕ್ಕೆ ಮೊದಲು ಮಗುವನ್ನು ಹಿಡಿಯಬೇಕಾಗುತ್ತದೆ ಎನ್ನುವುದನ್ನು ಹೇಳಲಿಲ್ಲ. ಊಟ ಮಾಡದೆ ಹಟ ಹಿಡಿಯುವ ಮಕ್ಕಳಿಗೆ ಬೇರೆ ಸೀಮೆಯ ತಾಯಂದಿರು ಗುಮ್ಮನನ್ನು ಕರೆಯುತ್ತಾರೆ. ನಮ್ಮ ಸೀಮೆಯಲ್ಲಿ ನನ್ನನ್ನು ಕರೆಯುತ್ತಿದ್ದರು. ಗುಮ್ಮನ ಬಗ್ಗೆ ನನಗೆ ಹೊಟ್ಟೆಕಿಚ್ಚಿತ್ತು. ಅವನು ಬೈಸಿಕಲ್ಲು ತುಳಿಯಬೇಕಾಗಿಲ್ಲ, ಪ್ರವಾಸದ ದಿನಚರಿ ಬರೆಯಬೇಕಾಗಿಲ್ಲ.

ಲಸಿಕೆ ಬೆಂಗಳೂರಿನಿಂದ ಟಪಾಲಿನಲ್ಲಿ ಬರುತ್ತಿತ್ತು, ಕಡ್ಡಿಯಷ್ಟು ಸಣ್ಣ ಗಾಜಿನ ಕೊಳವೆಗಳಲ್ಲಿ. ಬಿಸಿಲು ತಾಗಿದರೆ ಅದು ಕೆಡುತ್ತದೆ. ಬಿಸಿಲು ಏರುವ ಹೊತ್ತಿಗೆ ಜನವೂ ಹೊಲಕ್ಕೆ ಹೋಗಿರುತ್ತಾರೆ. ಹೀಗಾಗಿ ಕತ್ತಲು ಇರುವಾಗಲೇ ಮನೆ ಬಿಟ್ಟು ಬೆಳಗಾಗುವುದರೊಳಗೆ ಹಳ್ಳಿ ಸೇರಬೇಕು. ಅದಕ್ಕೆಂದು ನನ್ನ ಹತ್ತಿರ ಒಂದು ಬೈಸಿಕಲ್ಲಿತ್ತು. ನನಗಿಂತ ಹಿಂದೆ ಈ ಕೆಲಸದಲ್ಲಿದ್ದವರು ಮೊಣಕಾಲು ನೋವಿನಿಂದ ನಿವೃತ್ತರಾಗುವಾಗ ನನಗೆ ದಾಟಿಸಿ ಹೋದದ್ದು. ಮೊಣಕಾಲು ನೋವಿಗೂ ಬೈಸಿಕಲ್ಲಿಗೂ ಇದ್ದ ಸಂಬಂಧ ನನಗೆ ತಿಳಿಯಲು ಒಂದು ವರ್ಷ ಹಿಡಿಯಿತು. ಅದರ ಮುಂದೆ ತಗಡಿನ ಸೀಮೆಎಣ್ಣೆ ದೀಪವೊಂದು ನೇತಾಡುತ್ತಿತ್ತು. ಕತ್ತಲಲ್ಲಿ ದೀಪವಿಲ್ಲದೆ ಬೈಸಿಕಲ್ಲು ಬಿಡಬಾರದು ಎಂದು ಕಾನೂನಿತ್ತು. ದೀಪದಿಂದ ಬೆಳಕು ಬರಬೇಕು ಎಂದು ಆ ಕಾನೂನಿನಲ್ಲಿ ಬರೆದಿರಲಿಲ್ಲವೆಂದು ಕಾಣುತ್ತದೆ. ಅದು ಉರಿಯುತ್ತಿದೆಯೋ ಆರಿದೆಯೋ ನೋಡಲು ನಾನು ಇಳಿದು ಬೆಂಕಿಕಡ್ಡಿ ಗೀರುತ್ತಿದ್ದೆ.

ಒಂದು ಮುಂಜಾವ ಯಗಟಿಯ ದಾರಿಯಲ್ಲಿ ಹೋಗುತ್ತಿರುವಾಗ ರಸ್ತೆ ಇದ್ದಕ್ಕಿದ್ದ ಹಾಗೆ ಮೆತ್ತಗಾಯಿತು. ಮೆತ್ತಗಾದದ್ದು ಮಾತ್ರವಲ್ಲ, ಅರಚಿಕೊಂಡಿತು. ರಸ್ತೆಯಲ್ಲಿ ಮಲಗಿದ್ದ ಕುರಿ ಮಂದೆಯ ನಡುವೆ ನಾನು ಬೈಸಿಕಲ್ಲು ಸಮೇತ ಹೋಗಿ ಬಿದ್ದಿದ್ದೆ. ಕರಿಬಸಪ್ಪನೆಂಬ ಕುರಿಯವನು ಕಂಬಳಿ ಕೊಡವಿ ಎದ್ದು ಬಂದು ಮೊದಲು ಕುರಿಗಳನ್ನೆಲ್ಲ ಒಂದೊಂದಾಗಿ ಮುಟ್ಟಿ ನೋಡಿ, ಆಮೇಲೆ ನನ್ನನ್ನು ಎತ್ತಿ ನಿಲ್ಲಿಸಿದ.

"ದೀಪ ಐತಲ್ಲ ಸ್ವಾಮಿ, ಹಚ್ಕಂಬಾರ್ದಾ?" ಎಂದ.

"ಹಚ್ಚೇ ಇದೆ ಕಣಪ್ಪ" ಎಂದೆ.

ಅವನು ಬಗ್ಗಿ, ದೀಪದ ಗಾಜಿಗೆ ಮುಖ ತಾಗುವಷ್ಟು ಹತ್ತಿರ ಹೋಗಿ ನೋಡಿದ. "ಹೌದು, ಐತೆ" ಎಂದ. ಅವನ ದನಿಯಲ್ಲಿ ನಗುವಿರಲಿಲ್ಲ. ನಕ್ಕಿದ್ದರೆ ನಾನು ಅದೇ ದೀಪದಲ್ಲಿ ಇನ್ನೂ ಹತ್ತು ವರ್ಷ ಕಳೆಯುತ್ತಿದ್ದೆನೇನೋ. ಅವನು ಪಾಪ ಎಂದುಕೊಂಡದ್ದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ.

ಮುಂದಿನ ರಜಾದಿನ ರೈಲಿನಲ್ಲಿ ಬೈಸಿಕಲ್ಲು ಹಾಕಿಕೊಂಡು ತರೀಕೆರೆಗೆ ಹೋದೆ. ಅಲ್ಲಿ ದಸ್ತಗೀರ್ ಸಾಬರೆಂದು, ಬೈಸಿಕಲ್ಲು, ಹೊಲಿಗೆ ಯಂತ್ರ, ಗ್ರಾಮಫೋನು ಎಲ್ಲವನ್ನೂ ಒಂದೇ ಸುತ್ತಿಗೆಯಿಂದ ರಿಪೇರಿ ಮಾಡುತ್ತಿದ್ದ ಮನುಷ್ಯ. ಅವರ ಅಂಗಡಿಯ ಮೂಲೆಯಲ್ಲಿ ಚೊಂಬಿಗಿಂತ ದೊಡ್ಡದಾದ ಹಿತ್ತಾಳೆಯ ದೀಪವೊಂದು ಕೂತಿತ್ತು. ಯಾವುದೋ ಕಾಫಿ ತೋಟದ ದೊರೆಯ ಮೋಟಾರಿನಲ್ಲಿ ಇದ್ದದ್ದಂತೆ. ಮೋಟಾರು ಒಂದು ಮರಕ್ಕೆ ಗುದ್ದಿ ನುಚ್ಚುನೂರಾಯಿತು, ದೀಪ ಮಾತ್ರ ಉಳಿಯಿತು ಎಂದು ಸಾಬರು ಹೇಳಿದರು. ಅಷ್ಟು ಬೆಳಕಿದ್ದೂ ದೊರೆಗೆ ಮರ ಯಾಕೆ ಕಾಣಲಿಲ್ಲ ಎಂದು ಕೇಳುವ ಬುದ್ಧಿ ಆಗ ನನಗೆ ಬರಲಿಲ್ಲ.

"ಇದು ಮೋಟಾರಿಗೆ ಮಾಡಿದ್ದು ಸ್ವಾಮಿ. ನಿಮಗೆ ಸಣ್ಣದು ತರಿಸಿಕೊಡ್ತೀನಿ, ಹದಿನೈದು ದಿನ ತಡೀರಿ" ಎಂದರು ಸಾಬರು.

"ಇದೇ ಇರಲಿ."

"ಮುಂದಿನ ಚಕ್ರ ತಾಳಬೇಕಲ್ಲ."

"ಚಕ್ರ ತಾಳುತ್ತೆ. ನೀವು ಕಟ್ಟಿ."

ಸಾಬರು ಕಬ್ಬಿಣದ ಪಟ್ಟಿ ಬಗ್ಗಿಸಿ, ಎರಡು ಕಡೆ ತಿರುಪು ಹಾಕಿ ದೀಪ ಕೂರಿಸಿದರು. ಹಿಂದಕ್ಕೆ ಸರಿದು ನಿಂತು ನೋಡಿ, "ಬೈಸಿಕಲ್ಲಿಗೆ ದೀಪ ಹಾಕಿದ ಹಾಗಿಲ್ಲ ಸ್ವಾಮಿ, ದೀಪಕ್ಕೆ ಬೈಸಿಕಲ್ಲು ಹಾಕಿದ ಹಾಗಿದೆ" ಎಂದರು. ಹೊಗಳಿಕೆ ಎಂದುಕೊಂಡು ನಾನು ನಮಸ್ಕಾರ ಹೇಳಿದೆ.

ಈ ದೀಪಕ್ಕೆ ಎಣ್ಣೆ ಬೇಡ. ಕೆಳಗಿನ ಡಬ್ಬಿಯಲ್ಲಿ ಕಾರ್ಬೈಡ್ ಎನ್ನುವ ಬೂದುಬಣ್ಣದ ಕಲ್ಲು ಹಾಕಬೇಕು, ಮೇಲಿನ ಡಬ್ಬಿಯಿಂದ ಅದರ ಮೇಲೆ ನೀರು ತೊಟ್ಟಿಕ್ಕಬೇಕು. ಆಗ ಗ್ಯಾಸು ಹುಟ್ಟಿ, ಕಡ್ಡಿ ತೋರಿಸಿದರೆ ಬೆಳ್ಳಗೆ ಉರಿಯುತ್ತದೆ. ನೀರು ಕಡಿಮೆಯಾದರೆ ದೀಪ ಮುನಿಸಿಕೊಳ್ಳುತ್ತದೆ, ಹೆಚ್ಚಾದರೆ ಬುಸುಗುಟ್ಟುತ್ತದೆ. ಇದೆಲ್ಲ ಸಂಸಾರಸ್ಥನಿಗೆ ಹೊಸದೇನಲ್ಲ. ಹೊಸದಾದದ್ದು ಅದರ ವಾಸನೆ. ಥೇಟ್ ಬೆಳ್ಳುಳ್ಳಿ. ನಮ್ಮದು ಬೆಳ್ಳುಳ್ಳಿ ಹೊಸ್ತಿಲು ದಾಟದ ಮನೆ. ಆ ಸಂಜೆ ನಾನು ಜಗಲಿ ಹತ್ತಿದೊಡನೆ ನನ್ನ ಹೆಂಡತಿ ಮೂಗಿಗೆ ಸೆರಗು ಹಿಡಿದು, "ಏನೂಂದ್ರೆ, ತರೀಕೆರೇಲಿ ಎಲ್ಲಿ ಊಟ ಮಾಡಿದ್ರಿ?" ಎಂದಳು. ಇದು ದೀಪದ ವಾಸನೆ ಎಂದೆ. ಮದುವೆಯಾದಾಗಿನಿಂದ ನಾನು ಹೇಳಿದ ಸುಳ್ಳುಗಳಲ್ಲಿ ಇಷ್ಟು ದಡ್ಡ ಸುಳ್ಳನ್ನು ಅವಳು ಕೇಳಿರಲಿಲ್ಲವಂತೆ. ದೀಪವನ್ನು ಅವಳ ಮೂಗಿನ ಹತ್ತಿರ ಹಿಡಿದು ತೋರಿಸಿದ ಮೇಲೆ, ನಾನೂ ದೀಪವೂ ಒಟ್ಟಿಗೆ ಹಿತ್ತಿಲಿಗೆ ವರ್ಗವಾದೆವು. ಕತ್ತಲಾದ ಮೇಲೆ ಅದನ್ನು ಬೀದಿಯಲ್ಲಿ ಹಚ್ಚಿದೆ. ಬೀದಿಗೆ ಬೀದಿಯೇ ಬೆಳಗಿತು. ಎದುರು ಮನೆಯ ಪೋಸ್ಟ್‌ಮಾಸ್ಟರರು ಹೊರಗೆ ಬಂದು ಬಹಳ ಹೊತ್ತು ನೋಡಿ, "ಬೆಳಕು ಬಹಳ ಚೆನ್ನಾಗಿದೆ ಕಣ್ರೀ. ನಮ್ಮ ಗೋಡೆ ಬಿರುಕು ಬಿಟ್ಟಿರೋದು ಇವತ್ತೇ ನನಗೆ ಗೊತ್ತಾಗಿದ್ದು" ಎಂದು ಹೇಳಿ ಬಾಗಿಲು ಹಾಕಿಕೊಂಡರು.

ಮರುದಿನ ಮುಂಜಾವದಲ್ಲಿ ಯಗಟಿ ಕಡೆಯ ಒಂದು ಹಳ್ಳಿಗೆ ಹೊರಟೆ. ಏನು ಹೇಳಲಿ, ರಾಜಮಾರ್ಗದಲ್ಲಿ ಮೆರವಣಿಗೆ ಹೋದ ಹಾಗಿತ್ತು. ದಾರಿಯ ಹಳ್ಳ, ದಿಣ್ಣೆ, ಮುಳ್ಳಿನ ಬೇಲಿಯ ಒಂದೊಂದು ಮುಳ್ಳೂ ಕಂಡಿತು. ಅಷ್ಟು ಸುಖವಾಗಿ ನಾನು ಯಾವ ಹಳ್ಳಿಯನ್ನೂ ಸೇರಿರಲಿಲ್ಲ. ಸೇರಿದ ಮೇಲೆ ನೋಡಿದರೆ ಹಳ್ಳಿಯಲ್ಲಿ ಜನವೇ ಇಲ್ಲ. ಒಲೆಗಳು ಉರಿಯುತ್ತಿವೆ, ರಾಗಿ ಕಲ್ಲಿನ ಮೇಲೆ ಅರ್ಧ ಬೀಸಿದ ಹಿಟ್ಟಿದೆ, ಖಾಲಿ ತೊಟ್ಟಿಲು ಇನ್ನೂ ತೂಗುತ್ತಿದೆ. ಕಾಲಿಲ್ಲದ ಒಬ್ಬಳು ಅಜ್ಜಿ ಮಾತ್ರ ಜಗಲಿಯ ಮೇಲಿದ್ದಳು.

"ಜನ ಎಲ್ಲಮ್ಮ?" ಎಂದೆ.

"ನಿನ್ ದೀಪ ಕೆರೆ ಏರಿ ಹತ್ತಿದ್ ಕೂಡ್ಲೇ ಕಂಡ್ತಪ್ಪ. ಎಲ್ಲಾ ಮಕ್ಳನ್ನ ಎತ್ಕಂಡು ಹೋದ್ರು. ಮೊದ್ಲು ನೀನು ಬಾಗ್ಲಿಗ್ ಬಂದ್ ನಿಂತ್ಮೇಲೆ ಗೊತ್ತಾಗ್ತಿತ್ತು. ಈಗ ಪರವಾಗಿಲ್ಲ, ಹೇಳಿ ಕಳ್ಸಿದಂಗ್ ಬತ್ತೀಯ" ಎಂದಳು.

ನಾನು ದಾರಿ ಕಾಣಲೆಂದು ದೀಪ ಹಾಕಿಸಿದ್ದೆ. ದೀಪ ನನ್ನನ್ನೇ ಮೂರು ಮೈಲಿಗೆ ತೋರಿಸುತ್ತಿತ್ತು. ಆ ವಾರ ಸಖರಾಯಪಟ್ಟಣದ ದಾರಿಯ ಎರಡು ಹಳ್ಳಿಗಳಲ್ಲೂ ಹೀಗೇ ಆಯಿತು. ಯಾವನಾದರೂ ಬುದ್ಧಿವಂತನಾಗಿದ್ದರೆ ಹಳೆಯ ತಗಡು ದೀಪವನ್ನೇ ಮತ್ತೆ ಸಿಕ್ಕಿಸಿಕೊಳ್ಳುತ್ತಿದ್ದ. ಆದರೆ ನಾನು ಅಷ್ಟರಲ್ಲಿ ಕಚೇರಿಯಲ್ಲಿ, ರೈಲು ಸ್ಟೇಷನ್ನಿನಲ್ಲಿ, ಕಂಡವರ ಮುಂದೆಲ್ಲ ಈ ದೀಪವನ್ನು ಹೊಗಳಿ ಆಗಿತ್ತು. ಮರ್ಯಾದಸ್ಥ ತಪ್ಪು ಮಾಡಬಹುದು, ಹಿಂದಕ್ಕೆ ಹೋಗಬಾರದು.

ಹೀಗಿರುವಾಗ ಅಜ್ಜಂಪುರದ ಹತ್ತಿರದ ಒಂದು ಊರಿನಲ್ಲಿ ಸಿಡುಬು ಕಾಣಿಸಿಕೊಂಡಿತು. ಪಕ್ಕದ ಹಳ್ಳಿಯ ಮಕ್ಕಳಿಗೆಲ್ಲ ತಕ್ಷಣ ದೇವಿ ಹಾಕಬೇಕೆಂದು ಸಾಹೇಬರಿಂದ ಹುಕುಂ ಬಂತು. ಇದು ತಮಾಷೆಯ ವಿಷಯವಾಗಿರಲಿಲ್ಲ. ಆ ಹಳ್ಳಿ ನನಗೆ ಗೊತ್ತಿತ್ತು. ಹಿಂದಿನ ವರ್ಷ ಹೋಗಿ ಬರಿಗೈಯಲ್ಲಿ ಬಂದಿದ್ದೆ. ಐದು ಕೊಳವೆ ಲಸಿಕೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಅಜ್ಜಂಪುರದಲ್ಲಿ ತಂಗಿದ್ದು, ಬೆಳಗಿನ ಜಾವ ಹೊರಟೆ. ಈ ಸಲ ಒಂದು ಉಪಾಯ ಮಾಡಿದ್ದೆ. ಹಳ್ಳಿ ಒಂದು ಮೈಲಿ ಇದೆ ಎನ್ನುವಾಗ ದೀಪ ಆರಿಸಿ ಕತ್ತಲಲ್ಲೇ ಹೋಗಿಬಿಡುವುದು. ಇಷ್ಟು ದೊಡ್ಡ ದೀಪ ಹಾಕಿಸಿಕೊಂಡವನು ಅದನ್ನು ಆರಿಸಿಕೊಂಡು ಹೋಗುವುದನ್ನು ಉಪಾಯ ಎಂದು ಕರೆದುಕೊಳ್ಳುವುದಕ್ಕೆ ನನಗೆ ಆಗ ನಾಚಿಕೆಯಾಗಲಿಲ್ಲ.

ದೀಪ ಆರಿಸಿದೆ. ಅಷ್ಟು ಬೆಳಕಿಗೆ ಹೊಂದಿಕೊಂಡಿದ್ದ ಕಣ್ಣಿಗೆ ಕತ್ತಲು ಗೋಡೆಯ ಹಾಗೆ ಕಂಡಿತು. ಎರಡು ಫರ್ಲಾಂಗು ಹೋಗಿರಬಹುದು, ತೆಂಗಿನ ತೋಟವೊಂದರ ಪಕ್ಕದ ನೀರಿಲ್ಲದ ಕಾಲುವೆಗೆ ಮುಂದಿನ ಚಕ್ರ ಇಳಿಯಿತು, ಹಿಂದೆ ನಾನು ಇಳಿದೆ. ಮೊಣಕೈ ತರಚಿತು, ಚಕ್ರ ಎಂಟರ ಅಂಕಿಯಾಯಿತು. ದೀಪಕ್ಕೆ ಏನೂ ಆಗಿರಲಿಲ್ಲ. ಜೊತೆಯಲ್ಲಿದ್ದವರನ್ನು ಕೆಡವಿ ತಾನು ಉಳಿಯುವುದು ಅದರ ಹುಟ್ಟುಗುಣ. ಕಿಸೆ ಮುಟ್ಟಿ ನೋಡಿದರೆ ಲಸಿಕೆಯ ಗಂಟು ಇಲ್ಲ. ಬೇರೆ ಕೊಳವೆ ಬರಬೇಕಾದರೆ ವಾರ ಬೇಕು. ರೋಗ ವಾರ ಕಾಯುವುದಿಲ್ಲ. ದೀಪ ಹಚ್ಚಿ, ಮರಳಿನ ಮೇಲೆ ಮಂಡಿಯೂರಿ, ರುಮಾಲು ಬಿಚ್ಚಿಹೋಗಿದ್ದರ ಪರಿವೆಯೂ ಇಲ್ಲದೆ ತಡಕಾಡಿದೆ. ಬಟ್ಟೆ ಸಿಕ್ಕಿತು, ಮೂರು ಕೊಳವೆ ಸಿಕ್ಕವು. ಅಷ್ಟರಲ್ಲಿ ತೋಟದೊಳಗೆ ಯಾರೋ ಕಿಸಕ್ಕೆಂದು ನಕ್ಕರು.

ತಲೆಯೆತ್ತಿದೆ. ತೆಂಗಿನ ಮರಗಳ ಹಿಂದೆ ಹಳ್ಳಿಯ ಹೆಂಗಸರೆಲ್ಲ ಮಕ್ಕಳನ್ನು ಸೊಂಟಕ್ಕೆ ಏರಿಸಿಕೊಂಡು ನಿಂತಿದ್ದರು. ನಾನು ದೀಪ ಆರಿಸುವುದಕ್ಕೆ ಮೊದಲೇ ಅವರಿಗೆ ಬೆಳಕು ಕಂಡಿತ್ತು. ಬರುತ್ತಾ ಬರುತ್ತಾ ಅದು ಮಾಯವಾದದ್ದೂ ಕಂಡಿತ್ತು. ಸರ್ಕಾರದವನೋ ದೆವ್ವವೋ ತಿಳಿಯದೆ ತೋಟದಲ್ಲಿ ಅವಿತಿದ್ದರು. ಮಂಡಿಯೂರಿ ಮರಳು ಜರಡಿ ಹಿಡಿಯುವ ದೆವ್ವ ಇರುವುದಿಲ್ಲವೆಂದು ಈಗ ತೀರ್ಮಾನವಾಗಿತ್ತು. ಮುಂದಿನ ಮರದ ಹತ್ತಿರವಿದ್ದ ಒಬ್ಬಳು, ಇಪ್ಪತ್ತೈದರ ಹೆಂಗಸು, ಕೂಸನ್ನು ಎತ್ತಿಕೊಂಡೇ ಕಾಲುವೆಗೆ ಇಳಿದು ಬಂದಳು. ರಂಗವ್ವ ಎಂದು ಹೆಸರು.

"ಏನ್ ಕಳ್ಕಂಡ್ರಿ?" ಎಂದಳು.

"ಲಸಿಕೆ ಕೊಳವೆ ಕಣಮ್ಮ, ಗಾಜಿಂದು. ಇನ್ನೆರಡು ಸಿಗಬೇಕು."

ಅವಳು ಬಗ್ಗಿ, ನನ್ನ ಕಾಲ ಹತ್ತಿರದಲ್ಲೇ ಇದ್ದ ಎರಡನ್ನೂ ಎತ್ತಿದಳು. ಒಂದನ್ನು ದೀಪಕ್ಕೆ ಹಿಡಿದು ತಿರುಗಿಸಿ ನೋಡಿದಳು. "ಇದಕ್ಕಾ ನಾವು ಓಡ್ತಿದ್ದಿದ್ದು?" ಎಂದಳು.

"ಇದಕ್ಕೇ."

ಅವಳು ಕೊಳವೆ ಎರಡನ್ನೂ ನನ್ನ ಅಂಗೈಯಲ್ಲಿಟ್ಟಳು. ಆಮೇಲೆ ಹೇಳಿದಳು: "ಹೋದ್ ವರ್ಷಾನೂ ನಿಮ್ಮನ್ ಕಂಡು ಓಡಿದ್ದೆ. ಸುಗ್ಗಿ ಕಳೆದ್ಮೇಲೆ ಸಿಡುಬಿನಮ್ಮ ಬಂದ್ಲು. ದೊಡ್ಡ ಹುಡುಗಿ ಉಳೀಲಿಲ್ಲ. ಇವತ್ತೂ ಅತ್ತೆ ಎಬ್ಬಿಸಿದ್ರು, ಎದ್ ಬಂದೆ. ಈ ಮರದ ತಾವ ಬಂದ್ಮೇಲೆ ಕಾಲು ಮುಂದಕ್ ಹೋಗ್ಲಿಲ್ಲ."

ಹಿಂದಿನ ವರ್ಷದ ದಿನಚರಿಯಲ್ಲಿ ಆ ಊರಿನ ಹೆಸರಿನ ಮುಂದೆ ನಾನು 'ಜನ ಸಿಕ್ಕಲಿಲ್ಲ' ಎಂದು ಬರೆದು, ಬಿಸಿಲಾಯಿತೆಂದು ಅಜ್ಜಂಪುರಕ್ಕೆ ಹಿಂದಿರುಗಿ ಊಟ ಮಾಡಿ ಮಲಗಿದ್ದೆ. ರುಮಾಲು ಹುಡುಕುವ ನೆಪದಲ್ಲಿ ಆ ಕಡೆ ತಿರುಗಿದೆ.

"ಬೆಳಕು ಹಿಡೀರಿ. ನೀವು ಏನ್ ಮಾಡ್ತೀರೋ ನಾನು ನೋಡ್ಬೇಕು" ಎಂದಳು ರಂಗವ್ವ.

ಬೈಸಿಕಲ್ಲನ್ನು ತೆಂಗಿನ ಮರಕ್ಕೆ ಒರಗಿಸಿ, ದೀಪವನ್ನು ಅವಳ ಮಡಿಲಿನ ಕಡೆ ತಿರುಗಿಸಿದೆ. ನಾನು ಕೂಸಿನ ತೋಳು ಗೀರಿ ಲಸಿಕೆ ಹಚ್ಚುವುದನ್ನು ಅವಳು ರೆಪ್ಪೆ ಮಿಟುಕಿಸದೆ ನೋಡಿದಳು. ಕೂಸು ಒಮ್ಮೆ ಅತ್ತು, ದೀಪದ ಹಿತ್ತಾಳೆಯಲ್ಲಿ ತನ್ನ ಮುಖ ಕಂಡು ಸುಮ್ಮನಾಯಿತು. ಅತ್ತೆ ಮರದ ಹಿಂದಿನಿಂದ, "ಏನೇ ಅದು ನೀನ್ ಮಾಡ್ತಿರೋದು?" ಎಂದು ಗದರಿದಳು. "ಇಲ್ಲಿ ಬೆಳಕಲ್ಲಿ ಬಂದು ನೋಡತ್ತೆ" ಎಂದಳು ಸೊಸೆ. ಅತ್ತೆ ಬಂದಳು. ನೋಡಿದಳು. ಗೀರಿದ ಜಾಗವನ್ನು ನೋಡಿ, "ಇಷ್ಟೇನಾ, ಜಾಲಿ ಮುಳ್ಳು ಇದಕ್ಕಿಂತ ತರಚ್ತದೆ" ಎಂದಳು. ಆಮೇಲೆ ಒಬ್ಬೊಬ್ಬರಾಗಿ ಬಂದರು. ಹೆಚ್ಚಿನವರು ಬಂದದ್ದು ದೀಪ ನೋಡುವುದಕ್ಕೆ, ಅದನ್ನು ನಾನು ಮುಚ್ಚಿಡುವುದಿಲ್ಲ. ದೀಪ ನೋಡಲು ಬಂದವರ ಸೊಂಟದಲ್ಲಿ ಮಗುವಿತ್ತು, ನನಗೆ ಅಷ್ಟೇ ಬೇಕಾಗಿತ್ತು. ಹೊತ್ತು ಮೂಡುವ ವೇಳೆಗೆ ಐದು ಕೊಳವೆಯೂ ಖಾಲಿಯಾಗಿತ್ತು. ಬೈಸಿಕಲ್ಲನ್ನು ಹೆಗಲ ಮೇಲೆ ಹೊತ್ತು ಅಜ್ಜಂಪುರಕ್ಕೆ ನಡೆದೆ. ಆ ವರ್ಷ ಸಿಡುಬು ಪಕ್ಕದ ಊರಿನಲ್ಲಿ ಕೆಲವರನ್ನು ತೆಗೆದುಕೊಂಡು ಹೋಯಿತು; ಈ ಹಳ್ಳಿಯ ಒಂದು ಮಗುವನ್ನೂ ಮುಟ್ಟಲಿಲ್ಲ.

ಸಾಹೇಬರು ಮೆಚ್ಚಿ ಕಾಗದ ಬರೆದರು. ನಾನು ನನ್ನ ಚಾಕಚಕ್ಯತೆಯ ಬಗ್ಗೆ ಎರಡು ಪುಟದ ವರದಿ ಕಳಿಸಿದೆ. ಕಾಲುವೆಯ ವಿಷಯವನ್ನು ಜಾಗ ಸಾಲದೆ ಬಿಟ್ಟೆ. ಮುಂದಿನ ವರ್ಷ ಹೋದಾಗ ಎಲ್ಲ ಹಳ್ಳಿಗಳಲ್ಲೂ ಜನ ಕಾದು ನಿಂತಿದ್ದರು. ನನ್ನ ಹೆಸರು ಇಷ್ಟು ದೂರ ಹರಡಿತಲ್ಲ ಎಂದು ಮೀಸೆ ತಿರುವಿ ಚಾಕು ತೆಗೆದರೆ, ತಾಯಂದಿರು ಮಕ್ಕಳನ್ನು ಒಂದು ಗಳಿಗೆ ದೀಪದ ಮುಂದೆ ಹಿಡಿದು, ಕೈಮುಗಿದು, ಹೊರಟೇಬಿಡುತ್ತಿದ್ದರು. "ಬೆಳಕು ಬಿತ್ತಲ್ಲ ಸ್ವಾಮಿ, ಸಾಕು" ಎನ್ನುತ್ತಿದ್ದರು. ಅಮ್ಮ ಓಡಿಹೋದದ್ದು ಆ ಬಿಳಿ ಬೆಳಕಿಗೆ ಎಂದು ಸೀಮೆಯಲ್ಲೆಲ್ಲ ಸುದ್ದಿಯಾಗಿತ್ತು. ದೀಪದಲ್ಲಿ ಏನೂ ಇಲ್ಲ, ಎಲ್ಲ ಇರುವುದು ನನ್ನ ಕೈಯಲ್ಲಿ ಎಂದು ಆ ಚಳಿಗಾಲವೆಲ್ಲ ಗಂಟಲು ಹರಿದುಕೊಂಡೆ. ಒಂದು ಹಳ್ಳಿಯ ಹಿರಿಯ ಗೌಡರು ಜಗಲಿಯ ಮೇಲೆ ಕೂತು ನನ್ನ ಭಾಷಣವನ್ನು ಪೂರ್ತಿ ಕೇಳಿದರು. ದೀಪವನ್ನು ನೋಡಿದರು, ನನ್ನನ್ನು ನೋಡಿದರು. ಮೊಮ್ಮಗನ ತೋಳನ್ನು ನನ್ನ ಮುಂದೆ ಚಾಚಿ, "ಬ್ಯಾಸರ ಮಾಡ್ಕಬ್ಯಾಡಿ ಸ್ವಾಮಿ, ನೀವೂ ಒಂದ್ ಗೀರು ಹಾಕ್ಕಳಿ. ಅಷ್ಟು ತೂಕದ ದೀಪಾನ ಹೊತ್ಕಂಡ್ ಬರಕ್ಕೂ ಒಬ್ರು ಬೇಕಲ್ಲ" ಎಂದರು.

ಬೇಕು ಎಂದು ನಾನೂ ಒಪ್ಪಿಕೊಂಡೆ. ಮಗುವಿನ ತೋಳು ಕೈಗೆ ಸಿಕ್ಕಿತ್ತು.