ಎಷ್ಟು ವರ್ಷ ಬದುಕುತ್ತೀ ಎಂದು ಕೇಳಿದ ಫಾರಂ

ಮೊದಲೇ ಕ್ಷಮೆ ಕೇಳುತ್ತೇನೆ. ಬರೆದು ರೂಢಿಯಿಲ್ಲ; ಒಂದು ಮಾತು ಸಾಕಾಗುವಲ್ಲಿ ನಾಲ್ಕು ಹೇಳುವ ಚಾಳಿ ಬೇರೆ. ಆದರೆ ಕಚೇರಿಯ ಫಾರಂ ಮನುಷ್ಯನ ಕೈಗೆ ಬಂದಾಗಲೆಲ್ಲ ಏನಾದರೊಂದು ಆಗುತ್ತಲೇ ಇರುತ್ತದೆ.

ಎಪ್ಪತ್ತರ ದಶಕದ ಕೊನೆ. ರಾಯಚೂರಿನ ಒಂದು ಕಚೇರಿಯಲ್ಲಿ ನಾನು ಹೊಸ ಗುಮಾಸ್ತ, ವಯಸ್ಸು ಇಪ್ಪತ್ತೆರಡು. ಮೇಲಿನಿಂದ ಆದೇಶ ಬಂತು: ನಿವೃತ್ತಿಯ ದಿನ ಇಡಿಗಂಟು ಬೇಕೋ, ಸಾಯುವ ತನಕ ತಿಂಗಳ ಪಿಂಚಣಿ ಬೇಕೋ, ಪ್ರತಿಯೊಬ್ಬರೂ ಬರೆದು ಕೊಡಬೇಕು. ಇಡಿಗಂಟು ಎಂದರೆ ಎಲ್ಲ ಹಣ ಒಮ್ಮೆಗೇ. ಇದನ್ನು ವಿವರಿಸಬೇಕಿರಲಿಲ್ಲವೇನೋ. ಮುಖ್ಯ ಮಾತು ಇದು: ಒಮ್ಮೆ ಬರೆದರೆ ಬದಲಾಯಿಸುವಂತಿಲ್ಲ. ಮೂವತ್ತಾರು ವರ್ಷದ ನಂತರದ ಮುದುಕನ ಹಣೆಬರಹವನ್ನು ನಾನು ಈಗಲೇ ಬರೆಯಬೇಕಿತ್ತು.

೧. ಊಟದ ಡಬ್ಬಿ

ಹೆಡ್ ಕ್ಲರ್ಕ್ ಸಾಹೇಬರನ್ನು ಕೇಳಿದೆ.

"ಸರಳ ಅದಲೇ. ಲಗೂನ ಸಾಯವರಿಗೆ ಗಂಟು ಛಲೋ, ಭಾಳ ದಿನ ಬದುಕವರಿಗೆ ಪಿಂಚಣಿ ಛಲೋ. ನೀ ಎಷ್ಟು ವರ್ಷ ಇರತಿ?"

"ಗೊತ್ತಿಲ್ರಿ."

"ಮನಿತನದಾಗ ಆಯುಷ್ಯ ಹೆಂಗದ? ನಿಮ್ಮಪ್ಪ ಎಷ್ಟಕ್ಕ ಹೋದ?"

"ಹೋಗಿಲ್ರೀ. ಡಬ್ಬಿ ತೊಗೊಂಡು ಬಾಗಲದಾಗ ನಿಂತಾನ್ರಿ."

ಅಪ್ಪ ಹತ್ತಿ ಮಿಲ್ಲಿನಲ್ಲಿ ಅಂಡಿಗೆ, ಎಂದರೆ ಹತ್ತಿಯ ದೊಡ್ಡ ಮೂಟೆ, ಹೊರುವ ಹಮಾಲ. ಹೊತ್ತ ದಿನ ಕೂಲಿ, ಹೊರದ ದಿನ ಇಲ್ಲ. ಗಂಟೂ ಇಲ್ಲ, ಪಿಂಚಣಿಯೂ ಇಲ್ಲ. ಸಾಹೇಬರು ಅವನನ್ನು ಒಳಗೆ ಕರೆದು, ಕುರ್ಚಿ ಕೊಟ್ಟು, ಬಲು ಮರ್ಯಾದೆಯಿಂದ ಕೇಳಿದರು: "ಯಪ್ಪಾ, ನೀವಿನ್ನೂ ಎಷ್ಟು ದಿನ ಇರತೀರಿ?"

ಅಪ್ಪ ಯೋಚಿಸಿ ಹೇಳಿದ: "ಸಂಜಿತನಾ ಅಂತೂ ಇರತೀನ್ರಿ. ಖಾಲಿ ಡಬ್ಬಿ ಒಯ್ಯಬೇಕಲ್ಲ."

೨. ಒಂದೇ ಜಗಳ

ಫಾರಂ ತುಂಬಿಸಲು ನನ್ನನ್ನು ದೇವದುರ್ಗದ ಶಾಖೆಗೆ ಕಳಿಸಿದರು. ಅಲ್ಲಿನ ಕಾವಲುಗಾರ, ಹೆಂಡತಿಯನ್ನು ಕೇಳದೆ ಹೆಬ್ಬಟ್ಟು ಒತ್ತುವುದಿಲ್ಲವೆಂದು ಆಕೆಯನ್ನು ತನ್ನೂರು ಮಸರಕಲ್ಲಿನಿಂದ ಕರೆಸಿದ್ದ. ನಾನು ಅರ್ಧ ತಾಸು ಎರಡನ್ನೂ ವಿವರಿಸಿದೆ.

"ಪಿಂಚಣಿ ತಿಂಗಳಾ ಬರತದಾ?"

"ಹೌದವ್ವಾ, ತಪ್ಪದಾ ಬರತದ."

"ಗಂಟು?"

"ಒಂದಾ ಸಲ."

"ಹಂಗಾದ್ರ ಗಂಟು ಬರಕೋರಿ. ಇವ ಪಗಾರ ಬಂದ ದಿನಾ ಜಗಳ ತೆಗೀತಾನ. ಮುಪ್ಪಿನ್ಯಾಗ ಒಂದಾ ಜಗಳ ಸಾಕ್ರಿ ನನಗ."

೩. ಮಾನ್ವಿಯ ಅಣ್ಣತಮ್ಮಂದಿರು

ಮಾನ್ವಿಯ ಶಾಖೆಗೆ ಹೋದಾಗ ಕೊನೆಯ ತಾರೀಕಿಗೆ ಎರಡೇ ದಿನ ಉಳಿದಿತ್ತು. ನನ್ನ ಫಾರಂನಲ್ಲಿ ನನ್ನ ಹೆಸರು, ಅಪ್ಪನ ಹೆಸರು ಇದ್ದವು. ಆಯ್ಕೆಯ ಜಾಗ ಮಾತ್ರ ಖಾಲಿ. ಅದನ್ನೇ ನಮೂನೆಯೆಂದು ಮೇಜಿನ ಮೇಲಿಟ್ಟು ಅಲ್ಲಿನ ಏಳು ನೌಕರರಿಗೆ ಹೇಳಿದೆ: "ಮ್ಯಾಲ ನಿಮ್ಮ ನಿಮ್ಮ ಹೆಸರು ಬರೀರಿ. ಉಳಕಿದ್ದೆಲ್ಲ ಹಿಂಗಾ ಇರಬೇಕು. ಒಂದಕ್ಷರ ಹೆಚ್ಚುಕಡಿಮಿ ಆದ್ರ ವಾಪಸ್ ಬರತದ."

ಚಹಾ ಕುಡಿದು ಬಂದು, ಕಟ್ಟು ಎತ್ತಿಕೊಂಡು ಬಸ್ಸು ಹಿಡಿದೆ. ಬೆಳಿಗ್ಗೆ ಸಾಹೇಬರು ಬಿಚ್ಚಿ ನೋಡಿದರು.

"ಏನಲೇ ಇದು! ಏಳೂ ಮಂದಿಗೆ ನಿಮ್ಮಪ್ಪನಾ ಅಪ್ಪ! ಗಂಟೋ ಪಿಂಚಣಿಯೋ, ಎಲ್ಲಾರದೂ ಖಾಲಿ!"

ಮತ್ತೆ ಮಾನ್ವಿಗೆ ಓಡಿದೆ. ಅಲ್ಲಿನ ವಯಸ್ಸಾದ ಡ್ರೈವರ್ ಸಾಬರು ನೊಂದುಕೊಂಡರು: "ಅರೇ ಬೇಟಾ, ನಮ್ಮ ಅಬ್ಬಾನ ಹೆಸರು ನನಗ ಗೊತ್ತಿಲ್ಲೇನು? ಹಿಂಗಾ ಇರಬೇಕಂತ ನೀನಾ ಹೇಳಿದಿ. ಪಿಂಚಣಿ ಸಲುವಾಗಿ ಅಪ್ಪನ್ನೂ ಬದಲ್ ಮಾಡಸ್ತಾರಲ್ಲ ಅಂತ ಭಾಳ ಬ್ಯಾಸರಾತು."

ಸಂಜೆ ಅಪ್ಪನಿಗೆ ಹೇಳಿದೆ. ಅವನು ಕಣ್ಣಲ್ಲಿ ನೀರು ಬರುವಂತೆ ನಕ್ಕ. "ಮಾನ್ವ್ಯಾಗ ಏಳು ಮಂದಿ, ಇಲ್ಲಿ ನೀ ಒಬ್ಬ. ಎಂಟು ಮಂದಿ ನೌಕರಿ ಮಕ್ಕಳು! ನನಗ ಪಿಂಚಣಿ ಇಲ್ಲಂತ ಅಂದವರ್ಯಾರು?"

ನಾನೂ ನಕ್ಕೆ. ನಗುತ್ತಲೇ ಅವನ ಹೆಗಲು ಕಣ್ಣಿಗೆ ಬಿತ್ತು. ಅಂಡಿಗೆ ಕೂತು ಕೂತು ಅಲ್ಲಿ ಗಡ್ಡೆ ಕಟ್ಟಿತ್ತು. ಮಾನ್ವಿಯವರು ಬರುವವರಲ್ಲ. ಅವನ ಪಿಂಚಣಿ ನಾನೊಬ್ಬನೇ. ನನ್ನ ಭಾರ ಯಾರ ಹೆಗಲ ಮೇಲೂ ಬೀಳದಿರಲಿ ಎಂದು ಅಲ್ಲೇ ಕೂತು ಪಿಂಚಣಿಗೆ ಗುರುತು ಹಾಕಿದೆ.

ಈಗ ಅದೇ ಬರುತ್ತಿದೆ. ಒಂದು ಷರತ್ತು ಮಾತ್ರ ವಿವರಿಸಬೇಕು. ವರ್ಷಕ್ಕೊಮ್ಮೆ ನಾವೇ ಖುದ್ದಾಗಿ ಹೋಗಿ, ಇನ್ನೂ ಬದುಕಿದ್ದೇವೆಂದು ಸಹಿ ಮಾಡಬೇಕು. ಉಸಿರಾಡಿದರೆ ಸಾಲದು, ಕಾಗದದಲ್ಲೂ ಬದುಕಿರಬೇಕು. ಯಾಕೆಂದರೆ...

ಹೆಂಡತಿ ಕೂಗುತ್ತಿದ್ದಾಳೆ: "ಏನ್ರೀ, ಬರಕೋತ ಕುಂತೀರಲ್ಲ! ಇವತ್ತಾ ಕಡೀ ದಿನ ಅದ. ಮೊದಲ ಹೋಗಿ ಜೀವಂತ ಅದೀನಂತ ತೋರಿಸಿ ಬರ್ರಿ!"

ಬಂದೆ. ಯಾಕೆಂದರೆ, ಆ ಸಹಿ ಇಲ್ಲದಿದ್ದರೆ ನಾವು...