ಅಕ್ಕನ ಕಾರು, ತಂಗಿಯ ಕಾರು

ಹೊಸ ಕಾರು ಕೊಂಡವನಿಗೆ ಲೋಕ ಒಂದು ವಾರವಾದರೂ ಮರ್ಯಾದೆ ಕೊಡಬೇಕು ಎಂಬುದು ನನ್ನ ನಂಬಿಕೆ. ನನಗೆ ಸಿಕ್ಕಿದ್ದು ಒಂದು ಮಧ್ಯಾಹ್ನ. ಸಂಜೆಯಾಗುವಷ್ಟರಲ್ಲಿ ನನ್ನ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ಅದೇ ಕಾರಿನ ಶ್ರೀಮಂತ ಅಕ್ಕನನ್ನು ತಂದು ನಮ್ಮ ಗೇಟಿನ ಮುಂದೆ ನಿಲ್ಲಿಸಿದ.

ಅಕ್ಕ ಎಂದೆನಲ್ಲ, ಅದು ಸುಮ್ಮನೆ ಅಲ್ಲ. ಎರಡೂ ಒಂದೇ ಕಾರ್ಖಾನೆಯ ಕೂಸುಗಳು. ಒಂದೇ ಎಂಜಿನ್, ಒಂದೇ ಉದ್ದ, ಹಿಂದಿನ ಸೀಟಿನಲ್ಲಿ ಕಾಲು ಚಾಚುವಷ್ಟು ಒಂದೇ ವೈಶಾಲ್ಯ. ನನ್ನದಕ್ಕೆ ಬಟ್ಟೆಯ ಸೀಟು, ಅವನದಕ್ಕೆ ಚರ್ಮದ್ದು. ನನ್ನದರ ಮೂತಿಯ ಮೇಲೆ ಸಾದಾ ಲಾಂಛನ, ಅವನದರ ಮೇಲೆ ಕಿರೀಟದಂಥದ್ದೇನೋ ಒಂದು. ಬಾಗಿಲು ಹಾಕಿದರೆ ನನ್ನದು ‘ಢಬ್’ ಎನ್ನುತ್ತದೆ. ಅವನದು, ದಣಿದವರು ದಿಂಬಿಗೆ ತಲೆಯಿಟ್ಟಂತೆ, ಮೆಲ್ಲಗೆ ಉಸಿರು ಬಿಡುತ್ತದೆ. (ನಿಜ ಹೇಳಬೇಕೆಂದರೆ, ಆ ಉಸಿರು ಕೇಳಿ ನನ್ನ ಹೊಟ್ಟೆಯಲ್ಲಿ ಏನೋ ಉರಿಯಿತು. ಮಧ್ಯಾಹ್ನದ ಊಟದ ತಪ್ಪು ಎಂದುಕೊಂಡೆ.)

ನಾನು ಕನ್ನಡಕದ ಅಂಗಡಿಯವನು. ಒಂದೇ ಗಾಜನ್ನು ಎರಡು ಫ್ರೇಮಿಗೆ ಕೂರಿಸಿ ಎರಡು ಬೆಲೆಗೆ ಮಾರುವ ವಿದ್ಯೆಯಲ್ಲಿ ತಲೆ ನರೆತವನು. ನನ್ನ ಮುಂದೆಯೇ ಈ ಆಟವೇ?

"ಇದೆಲ್ಲ ಫ್ರೇಮಿನ ಮಹಿಮೆ ಡಾಕ್ಟ್ರೇ," ಎಂದೆ.

ಷಡ್ಡಕ ಹಲ್ಲಿನ ವೈದ್ಯ. ದಿನವಿಡೀ ಬಾಯಿ ತೆರೆದು ಮಲಗಿದವರ ಜೊತೆ ಮಾತಾಡಿ ಮಾತಾಡಿ, ಎದುರಿನವರಿಗೂ ಒಂದು ಉತ್ತರ ಇರಬಹುದು ಎಂಬುದನ್ನೇ ಮರೆತವನು.

"ಫ್ರೇಮಲ್ಲ, ಮೌನ," ಎಂದ. "ಇದರ ಕಿಟಕಿಗೆ ಎರಡು ಪದರ ಗಾಜು. ಒಳಗೆ ಕೂತರೆ ಹೊರಗೆ ಲೋಕ ಇದೆ ಅನ್ನೋದೇ ಮರೆತುಹೋಗತ್ತೆ. ನಿಮ್ಮದರಲ್ಲಿ ಟೈರಿನ ಸದ್ದು ಸ್ವಲ್ಪ ಜಾಸ್ತಿ ಅಂತ ಕೇಳಿದೆ. ಪರವಾಗಿಲ್ಲ, ಅಭ್ಯಾಸ ಆಗತ್ತೆ."

ಬೈದಿದ್ದರೆ ಸಹಿಸುತ್ತಿದ್ದೆ. ಆ ‘ಪರವಾಗಿಲ್ಲ’ ಮಾತ್ರ ಒಸಡಿಗೆ ಚುಚ್ಚಿದ ಸೂಜಿಯಂತೆ ಉಳಿದುಬಿಟ್ಟಿತು.

ಊಟಕ್ಕೆ ಕೂತಾಗ ಹೆಂಡತಿಯ ಮುಂದೆ ನನ್ನ ಸಿದ್ಧಾಂತವನ್ನು ಮಂಡಿಸಿದೆ. "ನೋಡು, ಎರಡೂ ಒಂದೇ ತಾಯಿಯ ಮಕ್ಕಳು. ಒಂದಕ್ಕೆ ಅಲಂಕಾರ ಜಾಸ್ತಿ, ಅಷ್ಟೇ. ಒಳಗಿನ ಸರಕು ಒಂದೇ."

"ನಾನೂ ಅಕ್ಕನೂ ಇದ್ದ ಹಾಗೆ ಅನ್ನಿ."

"ಅದೇ ಮತ್ತೆ," ಎಂದೆ. ಅಂದ ಮೇಲೆ ಕಾಲ ಕೆಳಗಿನ ನೆಲ ಅಲುಗಿತು.

"ಅಂದ್ರೆ ನಾನು ಬಟ್ಟೆ ಸೀಟು."

"ನಾನು ಹಾಗೆಲ್ಲಿ ಅಂದೆ?"

"ಸದ್ದು ಸ್ವಲ್ಪ ಜಾಸ್ತಿ. ಪರವಾಗಿಲ್ಲ, ಅಭ್ಯಾಸ ಆಗತ್ತೆ. ಆಗಿದೆ ತಾನೇ?"

ಇಂಥ ಪ್ರಶ್ನೆ ಬಂದಾಗ ಉತ್ತರ ಹೇಳಬಾರದು, ನೀರು ಕುಡಿಯಬೇಕು. ಇದು ಸಂಸಾರ ನನಗೆ ಕಲಿಸಿದ ಪರಮ ರಹಸ್ಯ. ಲೋಟ ಖಾಲಿಯಾದ ಮೇಲೂ ಕುಡಿಯುತ್ತಲೇ ಇದ್ದೆ.

ಆದರೆ ಅವಳ ಮನಸ್ಸು ಜಗಳದ ಮೇಲೆ ಇರಲಿಲ್ಲ. ಅತ್ತೆಯ ತಂಗಿ ಸಮುದ್ರದ ಹತ್ತಿರ ಒಂದು ಮನೆ ಕೊಂಡಿದ್ದರು. ಭಾನುವಾರ ಎಲ್ಲರೂ ನೋಡಲು ಹೋಗುವುದೆಂದು ನಿಶ್ಚಯವಾಗಿತ್ತು. ನಾಲ್ಕು ಗಂಟೆಯ ದಾರಿ.

"ಅಮ್ಮ ನಮ್ಮ ಕಾರಲ್ಲಿ ಬರಬೇಕು ರೀ," ಎಂದಳು, ತಟ್ಟೆಯನ್ನೇ ನೋಡುತ್ತ. "ಅಕ್ಕನ ಮನೇಲಿ ಇರ್ತಾಳೆ, ಹೋದಾಗಲೆಲ್ಲ ಸಿಗ್ತಾಳೆ, ನಿಜ. ಆದ್ರೆ ಒಬ್ಬಳೇ ಯಾವತ್ತು ಸಿಕ್ಕಿದಾಳೆ? ಚಿಕ್ಕವಳಿದ್ದಾಗಲೂ ಅಷ್ಟೇ. ಒಂದು ಕೈ ಒಲೆ ಮೇಲೆ, ಇನ್ನೊಂದು ಕೈ ಅಕ್ಕನ ಜಡೇಲಿ. ಅಮ್ಮನ ಮುಖಕ್ಕಿಂತ ಅಮ್ಮನ ಬೆನ್ನೇ ನನಗೆ ಚೆನ್ನಾಗಿ ಗೊತ್ತು. ಒಂದು ಸಲ ಪಕ್ಕದಲ್ಲಿ ಕೂತು ಸುಮ್ಮನೆ ಮಾತಾಡಬೇಕು ಅಂತ ಆಸೆ."

ನಾನು ಲೋಟ ಕೆಳಗಿಟ್ಟೆ.

"ಆದ್ರೆ ಅಮ್ಮನಿಗೆ ಸೊಂಟನೋವು. ಅವರ ಕಾರಿನ ಸೀಟೇ ಹಿತ ಅಂತ ಭಾವ ಆಗಲೇ ತೀರ್ಮಾನ ಮಾಡಿಬಿಟ್ಟಿದಾರೆ."

ನನ್ನ ತಲೆಯಲ್ಲಿ ದೀಪ ಹತ್ತಿದ್ದು ಆಗ. ಅಂಗಡಿಯಲ್ಲಿ ನಾನು ಕಣ್ಣು ಪರೀಕ್ಷಿಸುವುದು ಹೇಗೆ? ಒಂದು ಗಾಜು ಹಾಕುತ್ತೇನೆ, ತೆಗೆದು ಇನ್ನೊಂದು ಹಾಕುತ್ತೇನೆ. "ಮೊದಲನೇದು ಚೆನ್ನಾಗಿದೆಯೋ, ಎರಡನೇದೋ?" ಎಂದು ಕೇಳುತ್ತೇನೆ. ಗಿರಾಕಿ ಫ್ರೇಮು ನೋಡುವ ಹಾಗಿಲ್ಲ, ಗಾಜಿನ ಗುಣವನ್ನಷ್ಟೇ ಹೇಳಬೇಕು. ಅತ್ತೆಯ ಕಣ್ಣು ಕಟ್ಟಿ ಎರಡೂ ಕಾರಿನಲ್ಲಿ ಸುತ್ತಿಸಿದರೆ ಕಿರೀಟವೂ ಕಾಣದು, ಚರ್ಮವೂ ಕಾಣದು. ಸತ್ಯ ತಾನಾಗಿ ಹೊರಗೆ ಬರುತ್ತದೆ.

ಶನಿವಾರ ಬೆಳಿಗ್ಗೆ ಷಡ್ಡಕನ ಗೇಟಿನ ಮುಂದೆ ಮಹಾಪರೀಕ್ಷೆ ಏರ್ಪಟ್ಟಿತು. ಸೀಟಿನ ಮೇಲೆಲ್ಲ ಒಂದೇ ಬಗೆಯ ದುಪ್ಪಟಿ ಹಾಸಿದೆ. ಅತ್ತೆ ನಗುತ್ತ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡರು. ಚಾಲಕರ ವ್ಯತ್ಯಾಸ ಫಲಿತಾಂಶಕ್ಕೆ ತಾಗಬಾರದೆಂದು ಎರಡೂ ಕಾರನ್ನು ನಾನೇ ಓಡಿಸುವುದೆಂದು ತೀರ್ಮಾನವಾಯಿತು. ದಾರಿಯೂ ಒಂದೇ: ಉದ್ಯಾನ ಬಳಸಿ, ಮಾರುಕಟ್ಟೆ ದಾಟಿ, ರೈಲು ಹಳಿ ಹತ್ತಿಳಿದು ವಾಪಸ್.

ಪರೀಕ್ಷೆ ಎಂದ ಮೇಲೆ ನಾನು ಸುಮ್ಮನಿರುವವನಲ್ಲ. ಅದು ಕಸುಬಿನ ಶಿಸ್ತು. "ಈಗ ಹೇಗಿದೆ ಅತ್ತೆ? ಈ ತಿರುವಿನಲ್ಲಿ? ಸೊಂಟದ ಎಡಗಡೆ? ಬಲಗಡೆ?" ಎಂದು ಕೇಳುತ್ತಲೇ ಹೋದೆ. ನಡುನಡುವೆ ಸ್ಪ್ರಿಂಗಿನ ತತ್ವ, ಟೈರಿನ ಗಾಳಿ, ಫ್ರೇಮು-ಗಾಜಿನ ದೃಷ್ಟಾಂತ ಎಲ್ಲವನ್ನೂ ವಿವರಿಸಿದೆ. ಮೊದಲು ಷಡ್ಡಕನ ಕಾರಿನಲ್ಲಿ ಅತ್ತೆ "ಹೂಂ, ಹೂಂ" ಎಂದರು. ಆಮೇಲೆ ನಮ್ಮ ಕಾರಿನಲ್ಲಿ ಅದೂ ಇಲ್ಲ. ತಲ್ಲೀನರಾಗಿ ಅನುಭವಿಸುತ್ತಿದ್ದಾರೆ ಎಂದು ನನ್ನ ಎದೆ ಉಬ್ಬಿತು.

ಇಳಿದವರೇ ಬಟ್ಟೆ ಬಿಚ್ಚಿ, "ಎರಡನೇದು," ಎಂದರು.

ನಾನು ಷಡ್ಡಕನ ಕೈ ಕುಲುಕಿದೆ. ಸೋತವರ ಕೈ ಕುಲುಕುವುದರಲ್ಲಿ ಒಂದು ವಿಶೇಷ ಸುಖವಿದೆ. ಹೆಂಡತಿ ಗೇಟಿನ ಸರಳು ಹಿಡಿದು ನಿಂತವಳು ಮೊದಲ ಬಾರಿಗೆ ನನ್ನ ಕಾರನ್ನು ಪ್ರೀತಿಯಿಂದ ನೋಡಿದಳು.

"ಅತ್ತೆ, ನಿಜ ಹೇಳಿ. ಸೊಂಟಕ್ಕೆ ಯಾವುದು ಹಿತ?" ಎಂದ ಷಡ್ಡಕ, ಕೊಂಚ ಒಣಗಿದ ದನಿಯಲ್ಲಿ.

"ಸೊಂಟಕ್ಕೆ ಮೊದಲನೇದೇ. ಹಾಸಿಗೆ ಮೇಲಿದ್ದ ಹಾಗಿತ್ತು."

"ಮತ್ತೆ?"

ಅತ್ತೆ ಬಟ್ಟೆಯನ್ನು ಮಡಚಿ, ಇನ್ನೊಮ್ಮೆ ಮಡಚಿದರು. "ಹೇಗೆ ಹೇಳಲಿ... ಮೊದಲನೇದ್ರಲ್ಲಿ ಅಳಿಯಂದ್ರು ಹೇಳಿದ್ದು ಒಂದಕ್ಷರ ಬಿಡದೆ ಕೇಳಿಸ್ತಿತ್ತು. ಎರಡನೇದ್ರಲ್ಲಿ ಗುಂಯ್ ಅಂತ ಸದ್ದು, ಏನೂ ಕೇಳಿಸಲಿಲ್ಲ. ಹಾಯಾಗಿ ನಿದ್ದೆ ಬಂದುಬಿಡ್ತು."

ಷಡ್ಡಕ ನಕ್ಕ ನಗುವಿಗೆ ಅವನ ಮೂವತ್ತೆರಡೂ ಹಲ್ಲುಗಳು ಸಾಕ್ಷಿಯಾದವು. ಆದರೆ ಅವನ ಹೆಂಡತಿ ನಗಲಿಲ್ಲ. "ನೀವು ಓಡಿಸಿದ್ರೂ ಅಮ್ಮ ಇದನ್ನೇ ಹೇಳ್ತಿದ್ದಳು," ಎಂದು ಅವನ ಜೇಬಿಗೆ ಕೈ ಹಾಕಿ ಕಾರಿನ ಕೀಲಿ ತೆಗೆದಳು. ತಂಗಿಯ ಮುಖವನ್ನು ಒಂದು ಗಳಿಗೆ ನೋಡಿದಳು. ಅಕ್ಕಂದಿರಿಗೆ ಕೆಲವನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ.

"ಸೊಂಟಕ್ಕೆ ಈ ಕಾರು ಹಿತ, ಮಾತಿಗೂ ಇದೇ ಹಿತ. ಅಮ್ಮನ್ನ ಇದರಲ್ಲಿ ನೀನು ಕರ್ಕೊಂಡು ಬಾ. ನಾನಂತೂ ದಿನಾ ಜೊತೆಗಿರ್ತೀನಿ. ಇವರಿಬ್ಬರೂ ಆ ಕಾರಲ್ಲಿ ಒಬ್ಬರಿಗೊಬ್ಬರು ವಿವರಿಸಿಕೊಂಡು ಬರಲಿ. ನಾನು ಹಿಂದೆ ಮಲಗ್ತೀನಿ."

"ನನ್ನ ಹೊಸ ಕಾರು..." ಎಂದ ಷಡ್ಡಕ.

"ಒಳಗಿನ ಸರಕು ಒಂದೇ ಭಾವ," ಎಂದಳು ನನ್ನ ಹೆಂಡತಿ. ಕೀಲಿ ಅವಳ ಮುಷ್ಟಿಯಲ್ಲಿತ್ತು.

ಹೀಗೆ ಭಾನುವಾರ ನಾನೂ ಷಡ್ಡಕನೂ ನನ್ನ ಕಾರಿನಲ್ಲಿ ಹೊರಟೆವು. ಹೆದ್ದಾರಿಗೆ ಬಂದದ್ದೇ ಟೈರು ಶ್ರುತಿ ಹಿಡಿಯಿತು. ಅವನು ಏನೋ ಅಂದ. ನಾನು "ಏನಂದ್ರಿ?" ಎಂದೆ. ಅವನು "ಏನು?" ಎಂದ. ಆದರೂ ಇಬ್ಬರೂ ಬಿಡಲಿಲ್ಲ. ಅವನು ನನ್ನ ಕಾರಿನ ಕೊರತೆಗಳನ್ನು ಕೂಗಿ ಹೇಳಿದ, ನಾನು ಅದರ ಗುಣಗಳನ್ನು ಕೂಗಿ ಹೇಳಿದೆ, ಹಿಂದೆ ಅವನ ಹೆಂಡತಿ ಕಿವಿಗೆ ಹತ್ತಿ ತುರುಕಿಕೊಂಡು ಗೊರಕೆ ಹೊಡೆದಳು. ಒಂದು ಏರಿನಲ್ಲಿ ಷಡ್ಡಕನ ಕಾರು ನಮ್ಮನ್ನು ದಾಟಿ ಹೋಯಿತು. ದಪ್ಪ ಗಾಜಿನಾಚೆ ಅತ್ತೆ ಕೈ ಆಡಿಸಿ ಏನೋ ಹೇಳುತ್ತಿದ್ದರು. ನನ್ನ ಹೆಂಡತಿ ನಗುತ್ತಿದ್ದಳು. ಅಂಥ ನಗು ನಾನು ನೋಡಿರಲಿಲ್ಲ. ಎಳೆ ಹುಡುಗಿಯ ನಗು ಅದು.

ಸಮುದ್ರದ ಮನೆಯ ಮುಂದೆ ಇಳಿದಾಗ ಅವಳ ಕಣ್ಣುಗಳು ಒದ್ದೆಯಾಗಿ ಹೊಳೆಯುತ್ತಿದ್ದವು. ನನಗಿದ್ದದ್ದು ಒಂದೇ ಪ್ರಶ್ನೆ. "ಹೇಗಿದೆ ಆ ಕಾರು? ನಿಜ ಹೇಳು, ನಮ್ಮದಕ್ಕಿಂತ ಹೆಚ್ಚೇನಿದೆ?"

"ಕಾರಾ?" ಎಂದು ತಿರುಗಿ ನೋಡಿದಳು, ಅದನ್ನು ಆಗಷ್ಟೇ ಕಂಡವಳಂತೆ. "ಗಮನಿಸಲೇ ಇಲ್ಲ ರೀ."

ಷಡ್ಡಕ ಕೀಲಿಗಾಗಿ ಕೈ ಚಾಚಿದ. ಅವಳು ಅದನ್ನು ತನ್ನ ಚೀಲಕ್ಕೆ ಹಾಕಿಕೊಂಡಳು. "ವಾಪಸ್ ಹೋಗುವಾಗಲೂ ಹೀಗೇ ಕೂರೋಣ ಭಾವ. ಅಮ್ಮ ಇನ್ನೂ ತನ್ನ ಮದುವೆಗೆ ಮುಂಚಿನ ಕಥೇಲೇ ಇದಾಳೆ."

ಇಬ್ಬರೂ ಒಟ್ಟಿಗೆ ಪ್ರತಿಭಟಿಸಲು ಹೊರಟೆವು. ದಾರಿಯುದ್ದಕ್ಕೂ ಕೂಗಿ ಕೂಗಿ ಇಬ್ಬರಿಗೂ ಗಂಟಲು ಕಟ್ಟಿಹೋಗಿತ್ತು.